ನೀಲಿ ಗಾಜಿನೊಳಗಿನ ಕಣ್ಣು

ಕುಲುಮೆಯ ಬಾಗಿಲು ತೆರೆಯುತ್ತಿದ್ದಂತೆ ಪಿಕ್ರಿಯಾ ಕಿಟಾರನೆ ಕಿರುಚಿದಳು.

ಬೆಳ್ಳಿ ಪದಕದ ನೀಲಿ ಗಾಜಿನೊಳಗೆ ಮತ್ತೆ ಅದೇ ಕಪ್ಪು ಕಣ್ಣು! ಅವಳನ್ನೇ ನೋಡುತ್ತಿತ್ತು...

"ಕೈ ಸುಟ್ಕೋತೀರಾ ಕಣ್ರೀ!" ಯಾರೋ ಇಕ್ಕಳ ಕಸಿದುಕೊಂಡರು. ಕುತೈಸಿ ಊರಿನಿಂದ ಅಂದೇ ಕೆಲಸಕ್ಕೆ ಬಂದಿದ್ದ ನೋದರ್. "ನನ್ನ ಮುಖ ಅಷ್ಟೊಂದು ಭಯಂಕರವಾಗಿದ್ಯಾ?"

ಅವಳಿಗೆ ನಗು ಬರಲಿಲ್ಲ.

ಟಿಬಿಲಿಸಿ ನಗರದ ಆ ಗಾಜುಬಣ್ಣದ ಒಡವೆ ಅಂಗಡಿಯ ಒಡತಿ ಲಮಾರಾಳ ಮಗ ಶೋತಾ, ಪಿಕ್ರಿಯಾಳನ್ನು ಮದುವೆಯಾಗಬೇಕಿದ್ದವನು. ಬೆಟ್ಟದಲ್ಲಿ ಹಿಮ ಕುಸಿದು ಹೋಗಿಬಿಟ್ಟ, ಪಾಪ. ಅವಳಿಗೆಂದೇ ಪದಕಕ್ಕೆ ತಂತಿ ಬಾಗಿಸಿ ಚಿತ್ತಾರ ಮಾಡಿಟ್ಟಿದ್ದ, ನಡುವೆ ಗಾಜಿನ ಬಣ್ಣ ತುಂಬಿರಲಿಲ್ಲ. ಅವಳು ತುಂಬಿ ಸುಟ್ಟಾಗಲೆಲ್ಲ ಆ ಕಣ್ಣು!

"ನನ್ನ ಮಗನೇ ಕಣೇ ಅದು," ಎನ್ನುತ್ತ ಲಮಾರಾ ಸತ್ತವರಿಗೆ ಎಡೆ ಇಡುವಂತೆ ಅವನ ಹೆಸರಲ್ಲಿ ರೊಟ್ಟಿಯ ಮೇಲೆ ವೈನ್ ಸುರಿಯುತ್ತಿದ್ದಳು.

ಚಳಿಗಾಲ ಕಳೆಯುವಷ್ಟರಲ್ಲಿ ನೋದರ್ ಕೇಳಿಯೇಬಿಟ್ಟ. "ನನ್ನನ್ನ ಮದುವೆ ಆಗ್ತೀರಾ?"

ಅವಳ ಮನಸ್ಸೇನೋ ಯಾವತ್ತೋ ಒಪ್ಪಿತ್ತು. ಆದರೆ...

"ಮೊದಲು ಆ ಕಣ್ಣು ಮುಚ್ಚಲಿ. ಶೋತಾ ಒಪ್ಪದೆ ನಾನು ಹೆಂಗೆ ಬರಲಿ?"

ನೋದರ್ ಪದಕವನ್ನು ಬೆಳಕಿಗೆ ಹಿಡಿದ. "ಇದು ಸತ್ತವರ ಕೆಲಸ ಅಲ್ಲ. ತಂತಿ ಕೆಳಗೆ ಬೆಸುಗೆ ಮೆತ್ತಿದೆ. ಉರಿಗೆ ಅದು ಕುದ್ದು ಕಪ್ಪಗೆ ಮೇಲೆ ಬರ್ತಿದೆ. ಯಾರ್ರೀ ಇಷ್ಟೊಂದು ಹಾಕಿದ್ದು?"

"ನನ್ನ ಶೋತಾನ್ನ ಮಸಿ ಅಂತೀರಾ? ಇನ್ಮೇಲೆ ನನ್ನ ಹತ್ರ ಮಾತಾಡ್ಬೇಡಿ!"

ಪಿಕ್ರಿಯಾ ದುಡುದುಡು ಹೊರಟೇಹೋದಳು. ಮನೆ ಸೇರಿದ ಮೇಲೆ ಅಳು ಒತ್ತರಿಸಿತು. ಬೆಸುಗೆ ಹಾಕಿದ್ದು ಅವಳೇ ಅಲ್ಲವೇ!

ತಗಡಿನ ಮೇಲೆ ಬಣ್ಣವಿಲ್ಲದ ಗಾಜಿನ ಪುಡಿ ಹರಡಿ ಸುಟ್ಟರೆ ಸಾಕು, ಗಾಜೇ ತಂತಿಯನ್ನು ಹಿಡಿದುಕೊಳ್ಳುತ್ತದೆ, ಬೆಸುಗೆ ಬೇಕಿಲ್ಲ. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಮರುದಿನ ತಲೆ ತಗ್ಗಿಸಿ ಅವನೆದುರು ನಿಂತಳು. "ನಾನೇ ಬೆಸೆದಿದ್ದು. ಅವನ ಬೆರಳು ಬಾಗಿಸಿದ ತಂತಿ... ಕರಗಿದ ಗಾಜಲ್ಲಿ ಜಾರಿಬಿಟ್ರೆ ಅಂತ ಭಯ ಆಯ್ತು."

ನೋದರ್ ಛೇಡಿಸಲಿಲ್ಲ. "ಹಾಗಾದ್ರೆ ನೀವೇ ಬಿಡಿಸಿ. ನಾನು ಪಕ್ಕದಲ್ಲೇ ಇರ್ತೀನಿ."

ಒಂದೊಂದೇ ತಂತಿ ಬಿಡಿಸಿ, ಬೆಸುಗೆ ಕೆರೆದು, ಹೊಸ ತಗಡಿನ ಮೇಲೆ ಗಾಜಿನಲ್ಲಿ ನಿಲ್ಲಿಸಿದಳು. ನೀಲಿ ತುಂಬಿ ಪದಕವನ್ನು ಕುಲುಮೆಗೆ ಇಟ್ಟಳು.

ಉರಿಯ ಎದುರು ನಿಂತಿದ್ದರೂ ಅವಳ ಬೆನ್ನು ತಣ್ಣಗೆ ಕೊರೆಯಿತು. ಕಿಟಕಿಗಳೆಲ್ಲ ಮುಚ್ಚಿದ್ದವು. ಆದರೂ ಕುತ್ತಿಗೆಗೆ ಯಾರದೋ ಉಸಿರು ತಾಕಿದಂತೆ... ಲಮಾರಾ ಶಿಲುಬೆಯ ಗುರುತು ಹಾಕಿಕೊಂಡಳು.

ಬಾಗಿಲು ತೆರೆದರು. ಪದಕ ಆರುತ್ತ ಆರುತ್ತ ಬರೀ ನೀಲಿಯಾಯಿತು. ಕಣ್ಣಿರಲಿಲ್ಲ!

"ಹೋಗಿ ಬಾರಪ್ಪಾ ನನ್ನ ಕಂದಾ..." ಲಮಾರಾ ಬರಿಗೈಯಿಂದಲೇ ಕಣ್ಣೊರೆಸಿಕೊಳ್ಳುತ್ತ ಒಳಗೆ ನಡೆದಳು.

ಪಿಕ್ರಿಯಾ ತಿರುಗಿ ನೋಡಿದರೆ ನೋದರ್‌ನ ಮುಖ ಬಿಳಿಚಿಕೊಂಡಿತ್ತು.

"ಏನಾಯ್ತ್ರೀ?"

"ನಗಬೇಡಿ... ಈಗ ಯಾರೋ ನನ್ನ ಹೆಗಲ ಮೇಲೆ ಕೈ ಇಟ್ರು. ಕೈ ಮಂಜಿನ ಹಾಗೆ ತಣ್ಣಗಿತ್ತು."

"ಶೋತಾ ಏನಾದ್ರೂ ಅಂದ್ನಾ?"

"'ಚೆನ್ನಾಗಿ ನೋಡ್ಕೋ' ಅಂದ ಹಾಗಾಯ್ತು."

"ನೀವೇನಂದ್ರಿ?"

"ಹೂಂ ಅಂದೆ."

ಅವಳು ಅವನ ಕೈ ಹಿಡಿದುಕೊಂಡಳು. "ನಂದೂ ಹೂಂ ಕಣ್ರೀ."