ಹಿಂದಿನ ಸೀಟಿನ ಭಾರ

ಹಳೆಯ ಬೈಕಿನ ಹಿಂದಿನ ಮಡ್‌ಗಾರ್ಡನ್ನು ಕತ್ತರಿಸಿ ಚಿಕ್ಕದು ಮಾಡಬೇಕೆಂದು ಒಂದು ಮಧ್ಯಾಹ್ನ ಶೆಡ್ಡಿಗೆ ಹೋದೆ. ಗ್ರೈಂಡರಿನ ಸದ್ದಿಗೆ ಅಕ್ಕ ಬೈಯುತ್ತಾಳೆಂದು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡೆ. ಕಿಡಿ ಹಾರಿಸಿ ಕತ್ತರಿಸಿದ ತಗಡು ಕೈ ಸುಡಬೇಕಿತ್ತು, ಮುಟ್ಟಿದರೆ ತಣ್ಣಗಿತ್ತು. ಕೆಲಸದ ಗಡಿಬಿಡಿಯಲ್ಲಿ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಮಡ್‌ಗಾರ್ಡನ್ನು ಮತ್ತೆ ಕೂರಿಸಿದ ಮೇಲೆ, ಇಬ್ಬರು ಕೂತಾಗ ಟೈರಿಗೆ ತಾಗುತ್ತದೆಯೇ ಎಂದು ನೋಡಲೇಬೇಕು. ಬೈಕ್ ಏರಿ ಕೂತು, "ಅಕ್ಕಾ, ಒಂದ್ನಿಮಿಷ ಬಂದು ಹಿಂದೆ ಕೂತ್ಕೋ" ಎಂದು ಕೂಗಿದೆ. ಸ್ಪ್ರಿಂಗ್ ಕಿರುಗುಟ್ಟಿತು. ಬೈಕಿನ ಹಿಂಭಾಗ ಕುಸಿಯಿತು.

"ಏನೇ, ಇಷ್ಟು ದಪ್ಪ ಆಗಿದ್ದೀಯ" ಎಂದು ನಕ್ಕೆ. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು.

"ಕರೆದ್ಬಿಟ್ಟು ಚಿಲಕ ಹಾಕ್ಕೊಂಡ್ರೆ ಹೆಂಗೋ ಬರ್ಲಿ? ತೆಗಿ." ಹೊರಗೆ ಅಕ್ಕನ ದನಿ.

ಇಳಿಯಲು ಹೋದೆ. ಎರಡು ಮೊಣಕಾಲುಗಳು ನನ್ನ ತೊಡೆಗಳನ್ನು ಎರಡೂ ಕಡೆಯಿಂದ ಅದುಮಿ ಹಿಡಿದಿದ್ದವು. ಬಗ್ಗಿ ನೋಡಿದರೆ ಏನೂ ಕಾಣಲಿಲ್ಲ. ಪ್ಯಾಂಟಿನ ಬಟ್ಟೆ ಮಾತ್ರ ಒಳಕ್ಕೆ ತಗ್ಗಾಗಿತ್ತು. ಬೆನ್ನಿಗೆ ಆ ತಗಡಿನದೇ ತಂಪು.

"ಅಕ್ಕಾ, ಇಳಿಯೋಕೆ ಆಗ್ತಿಲ್ಲ ಕಣೇ."

"ನಾಟಕ ಸಾಕು. ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ."

ನಾನು ಅಳತೊಡಗಿದ ಮೇಲೆ ಅವಳು ಭಾವನನ್ನು ಕರೆದಳು. ಭಾವ ಚಿಲಕ ಮುರಿದು ಬಂದು, ಕಂಕುಳಿಗೆ ಕೈ ಹಾಕಿ ನನ್ನನ್ನು ಎಳೆದು ಇಳಿಸಿದರು. ತೊಡೆಗಳ ಹೊರಬದಿ ಕಪ್ಪುಗಟ್ಟಿತ್ತು.

ನಾನು ಇಳಿದರೂ ಬೈಕಿನ ಹಿಂಭಾಗ ಮೇಲೇಳಲಿಲ್ಲ. ಮಾರನೆಯ ದಿನ ಮೆಕ್ಯಾನಿಕ್ ಬಂದು ಎರಡೂ ಸ್ಪ್ರಿಂಗ್ ಬಿಚ್ಚಿ ಹೊಸವನ್ನು ಹಾಕಿದ. ಹಾಕಿದ್ದೇ ತಡ, ಅವೂ ಕುಸಿದವು.