ಅಮಾವಾಸ್ಯೆಯ ಹಸಿರು ಸೀರೆ

ಲಕ್ಷ್ಮೇಶ್ವರದ ಬನಶಂಕರೆವ್ವ ಬೆಟಗೇರಿಯ ಪೊಲೀಸ್ ಠಾಣೆಗೆ ಬಂದದ್ದು ಶ್ರಾವಣದ ಎರಡನೇ ಸೋಮವಾರ. ಅಲ್ಲಿನ ನೇಕಾರರ ಮನೆಗೆ ಕೊಟ್ಟಿದ್ದ ಮಗಳು ರೋಹಿಣಿ ಕಾಣೆಯಾಗಿ ಆಗಲೇ ಆರು ದಿನ. ದೂರು ಕೊಡಬೇಕಾಗಿದ್ದ ಅಳಿಯ ಸುಭಾಸ ಠಾಣೆಯ ಕಡೆ ತಲೆ ಹಾಕಿರಲಿಲ್ಲ. ಹೆಂಡತಿ ಓಡಿಹೋದಳೆಂದು ಓಣಿತುಂಬ ಹೇಳಿಕೊಂಡು ತಿರುಗುತ್ತಿದ್ದ. ಯಾರ ಜೊತೆ? ನೇಕಾರರ ಸೀರೆ ಗಂಟು ಸಾಗಿಸುತ್ತಿದ್ದ ಗಾಡಿಯ ಯಲ್ಲೇಶನ ಜೊತೆ. ಯಲ್ಲೇಶನೂ ಅದೇ ವಾರದಿಂದ ನಾಪತ್ತೆ. ಊರ ಬಾಯಿಗೆ ಇನ್ನೇನು ಬೇಕು!

ಪಿಎಸ್‌ಐ ಕಾವೇರಿ ದೂರು ಬರೆದುಕೊಂಡಳು. ಮುದುಕಿ ಅಳಲಿಲ್ಲ. ಎದ್ದು ಹೋಗುವಾಗ ಒಂದೇ ಮಾತು ಹೇಳಿದಳು.

"ಸತ್ತಿದ್ರ ಸತ್ತಾಳಂತ ಹೇಳ್ರಿ, ತಡಕೋತೀನಿ. ಓಡಿ ಹೋದ್ಲು ಅನ್ನೂ ಮಾತು ಆಕಿ ಮ್ಯಾಲೆ ಉಳೀಬಾರದ್ರಿ."

ಕಾವೇರಿ ಬೆಟಗೇರಿಯ ನೇಕಾರರ ಮನೆಯಲ್ಲೇ ಹುಟ್ಟಿದವಳು. ಅಪ್ಪನ ಮಗ್ಗದ ಸಪ್ಪಳದಲ್ಲೇ ಓದಿ ಖಾಕಿ ತೊಟ್ಟವಳು. ಗದರಿಸುವುದು ಗೊತ್ತಿಲ್ಲ, ಮಾತೂ ಕಡಿಮೆ. ಆದರೆ ಹಿಡಿದ ಕೆಲಸ ಬಿಟ್ಟ ದಾಖಲೆ ಇಲ್ಲ. ಇಂಥವರು ಠಾಣೆಗೊಬ್ಬರಿದ್ದರೆ ಸಾಕು ಎಂದು ಜನ ಸುಮ್ಮನೆ ಅನ್ನುವುದಿಲ್ಲ.

* * *

ಮೊದಲು ಯಲ್ಲೇಶ ಸಿಗಬೇಕಿತ್ತು. ಶಿರಹಟ್ಟಿಯ ಅವನ ಮನೆಯಲ್ಲಿ ಕೇಳಿದರೆ, ಅಣ್ಣನ ಜೊತೆ ಜಗಳಾಡಿ ಗಾಡಿ ಮಾರಿ ಹೋದ, ಎಲ್ಲಿಗೋ ತಿಳಿಯದು ಎಂದರು. ಫೋನ್ ನಂಬರನ್ನೂ ಬದಲಿಸಿದ್ದ, ಹುಡುಕಾಟಕ್ಕೆ ಮೂರು ವಾರ ಹಿಡಿಯಿತು. ಕೊನೆಗೆ ಸಿಕ್ಕಿದ್ದು ಮುಂಡರಗಿಯಲ್ಲಿ, ಗಾಳಿಯಂತ್ರದ ಕಂಪನಿಯ ಜೀಪು ಓಡಿಸುತ್ತ. ಬಾಡಿಗೆ ಕೋಣೆಯಲ್ಲಿ ಒಂದು ಚಾಪೆ, ಒಂದು ತಾಟು. ರೋಹಿಣಿ ಕಾಣೆಯಾದ ಸುದ್ದಿ ಕೇಳಿ ಅವನು ಎರಡೂ ಕೈ ಜೋಡಿಸಿದ.

"ಅಕ್ಕಾರು ನಂಗ ಒಡಹುಟ್ಟಿದ ಅಕ್ಕನ ಹಂಗ ಇದ್ರು ರೀ. ಅವರು ಕಾಣಿಯಾದ್ರು ಅಂತೀರಲ್ಲ, ಆವತ್ತ ಸುಭಾಸಣ್ಣ ಫೋನ್ ಮಾಡಿ ಗಾಡಿ ಕೇಳಿದ್ದ. ಲಕ್ಷ್ಮೇಶ್ವರಕ್ಕ ಸೀರಿ ಗಂಟು ಒಯ್ಯೂದೈತಿ ಅಂದ. ಗಾಡಿ ಮಾರೇನಿ ಅಂದೆ."

ಲಕ್ಷ್ಮೇಶ್ವರದ ಸೀರೆ ವ್ಯಾಪಾರಿ ಈಶಪ್ಪನನ್ನು ವಿಚಾರಿಸಿದರೆ, ಆ ವಾರ ಸುಭಾಸ ಅತ್ತ ಸುಳಿದೇ ಇಲ್ಲ. ಬರುತ್ತೇನೆಂದು ಹೇಳಿಯೂ ಇರಲಿಲ್ಲ. ಕಾವೇರಿಗೆ ಅನುಮಾನ ಹುಟ್ಟಿತು. ಆದರೆ ಅನುಮಾನ ಹಿಡಿದು ಯಾರನ್ನು ಒಳಗೆ ಹಾಕಲಾದೀತು?

* * *

ಮಾನವಮಿ ಅಮಾವಾಸ್ಯೆ ಬಂತು. ತೀರಿಹೋದ ಹಿರಿಯರಿಗೆ ಮನೆಮನೆಯಲ್ಲಿ ಹೊಸ ಬಟ್ಟೆ ಇಟ್ಟು ಎಡೆ ಹಿಡಿಯುವ ದಿನ. ಸುಭಾಸನಿಗೆ ಇನ್ನೊಂದೆರಡು ಪ್ರಶ್ನೆ ಕೇಳೋಣವೆಂದು ಕಾವೇರಿ ಅವನ ಮನೆಗೆ ಹೋದಳು. ಗೋಡೆಯ ಮೇಲೆ ಅವನ ತಂದೆಯ ಫೋಟೊ, ಪಕ್ಕದಲ್ಲಿ ತಾಯಿಯದು. ತಾಯಿಯ ಹಣೆ ಬೋಳು. ಕೆಳಗೆ ಮಣೆಯ ಮೇಲೆ ಒಂದು ಧೋತರ, ಒಂದು ಬಿಳಿ ಸೀರೆ, ಒಂದು ಹಸಿರು ಸೀರೆ. ಹಸಿರು ಸೀರೆಯ ಮೇಲೆ ಹಸಿರು ಬಳೆ, ಅರಿಷಿಣ, ಕುಂಕುಮ.

"ಸೀರಿ ಎರಡು ಯಾಕ?" ಎಂದಳು.

"ಎರಡೂ ಅವ್ವಗ ರೀ" ಎಂದ ಸುಭಾಸ. ಮುಖ ಮೇಲೆತ್ತಲಿಲ್ಲ.

ಕಾವೇರಿ ಮೊಬೈಲಿನಲ್ಲಿ ಆ ಮಣೆಯದೊಂದು ಫೋಟೊ ತೆಗೆದುಕೊಂಡಳು. ಹೊರಡುವಾಗ ರೋಹಿಣಿ ನೇಯುತ್ತಿದ್ದ ಮಗ್ಗವನ್ನು ಒಮ್ಮೆ ನೋಡಿದಳು. ನೇಯುವವರು ಕಾಲು ಇಳಿಬಿಡುವ ಕುಣಿಗೆ ಹೊಸದಾಗಿ ಸಿಮೆಂಟು ಬಳಿದಿತ್ತು. ಇಲಿ ಕಾಟ ಎಂದ ಸುಭಾಸ. ಕಾವೇರಿ ಅನುಮಾನ ತೋರಗೊಡದೆ ಅವನು ಕೊಟ್ಟ ಮಜ್ಜಿಗೆ ಕುಡಿದೇ ಹೊರಬಿದ್ದಳು, ಗಟ್ಟಿಗಿತ್ತಿ!

* * *

ಮರುದಿನ ಬೆಳಿಗ್ಗೆ ವಿಧಿವಿಜ್ಞಾನದವರು ಕುಣಿಯ ಸಿಮೆಂಟು ಒಡೆದರು. ಸಿಮೆಂಟಿನ ಕೆಳಗಿನ ಮಣ್ಣಿನಲ್ಲಿ ರಕ್ತ ಇಂಗಿತ್ತು. ಬನಶಂಕರೆವ್ವನ ರಕ್ತಕ್ಕೆ ಹೋಲಿಸಿ ನೋಡಿದರು. ಅದು ಅವಳ ಮಗಳದ್ದೇ ಎಂದು ವರದಿ ಬಂತು. ತಡವಾಗಿ ಬಂದ ಫೋನ್ ಕಂಪನಿಯ ವಿವರ ಇನ್ನೊಂದು ಗುಟ್ಟು ಬಿಚ್ಚಿತು. ಓಡಿಹೋದಳು ಎನ್ನಲಾದ ಆ ದಿನ ರೋಹಿಣಿಯ ಫೋನು ಗಂಡನ ಫೋನಿನ ಜೊತೆಜೊತೆಗೇ ಮುಂಡರಗಿ ದಾಟಿ, ತುಂಗಭದ್ರೆಯ ಸೇತುವೆಯವರೆಗೆ ಹೋಗಿ ಅಲ್ಲೇ ಬಂದ್ ಆಗಿತ್ತು. ದಾರಿಯ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಸುಭಾಸ ಬಾಡಿಗೆ ಗಾಡಿಯ ಸ್ಟೇರಿಂಗ್ ಹಿಡಿದು ಕೂತಿದ್ದ. ಹಿಂದೆ ಚಾದರದಲ್ಲಿ ಸುತ್ತಿದ ಉದ್ದನೆಯ ಗಂಟು.

ಸುಭಾಸ ಠಾಣೆಯಲ್ಲಿ ಎಲ್ಲ ಬಾಯಿ ಬಿಟ್ಟ. ವ್ಯಾಪಾರಿಗಳು ಬಂದರೆ ರೋಹಿಣಿಯ ಕೈ ನೇಯ್ಗೆಯನ್ನೇ ಹೆಸರು ಹಿಡಿದು ಕೇಳುತ್ತಿದ್ದರು, ಅವನಿಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. ದಿನಾ ಬಡಿತ. ಮಗ್ಗ ತಗೊಂಡು ತವರಿಗೆ ಹೋಗುತ್ತೇನೆಂದು ಅವಳು ಎದ್ದು ನಿಂತ ದಿನ ಕಟ್ಟಿಗೆಯಿಂದ ತಲೆಗೆ ಹೊಡೆದ. ಅವಳು ಮಗ್ಗದ ಕುಣಿಯೊಳಗೇ ಬಿದ್ದು ಸತ್ತಳು, ಹೆಣವನ್ನು ತುಂಗಭದ್ರೆಗೆ ಎಸೆದ. ಆಮೇಲೆ ದಿನಾ ಕನಸಿನಲ್ಲಿ ಬಂದು ಕೂರುತ್ತಿದ್ದಳಂತೆ. ಆ ಹೆದರಿಕೆಗೇ ಹಸಿರು ಸೀರೆ ಇಟ್ಟಿದ್ದ.

ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಹೊಳೆ ಆಗ ತುಂಬಿ ಹರಿಯುತ್ತಿತ್ತು, ಹೆಣ ಸಿಗಲೇ ಇಲ್ಲ.

* * *

ಎರಡು ವರ್ಷದ ಮೇಲೆ ಗದಗಿನ ಕೋರ್ಟಿನಲ್ಲಿ ಸುಭಾಸನ ವಕೀಲರು ಅದನ್ನೇ ಹಿಡಿದರು. ಹೆಣವಿಲ್ಲದೆ ಕೊಲೆ ಹೇಗೆ? ನಾಳೆ ರೋಹಿಣಿ ಬಂದು ಬಾಗಿಲಲ್ಲಿ ನಿಂತರೆ?

ಕಟಕಟೆಯಲ್ಲಿದ್ದ ಕಾವೇರಿ ಅಮಾವಾಸ್ಯೆಯ ಫೋಟೊ ತೋರಿಸಿದಳು.

"ಸ್ವಾಮಿ, ಆರೋಪಿಯ ತಂದೆ ಮೊದಲು ತೀರಿಕೊಂಡರು, ತಾಯಿ ಏಳು ವರ್ಷದ ಮೇಲೆ. ಗಂಡ ಸತ್ತ ಮೇಲೆ ಸತ್ತವರಿಗೆ ನಮ್ಮಲ್ಲಿ ಹಸಿರು ಬಳೆ, ಕುಂಕುಮ ಇಡುವುದಿಲ್ಲ. ಗಂಡ ಬದುಕಿದ್ದಾಗಲೇ ಸತ್ತ ಮುತ್ತೈದೆಗೆ ಮಾತ್ರ ಇಡುತ್ತಾರೆ. ಈ ಮನೆಯಲ್ಲಿ ಹಾಗೆ ಸಾಯಬಹುದಾದವಳು ರೋಹಿಣಿ ಒಬ್ಬಳೇ. ಊರೆಲ್ಲ ಓಡಿಹೋದಳು ಅನ್ನುತ್ತಿದ್ದಾಗ, ಸತ್ತಿದ್ದಾಳೆಂದು ಗೊತ್ತಿದ್ದವನು ಇವನೊಬ್ಬನೇ."

ಎಡೆ ದಾರಿ ತೋರಿತ್ತು. ರಕ್ತ, ಫೋನು, ಕ್ಯಾಮೆರಾ ಅದಕ್ಕೆ ಸಾಕ್ಷಿ ನುಡಿದವು. ನ್ಯಾಯಾಧೀಶರು ಜೀವಾವಧಿ ಶಿಕ್ಷೆ ಬರೆದರು. ರೋಹಿಣಿ ಯಾರ ಜೊತೆಗೂ ಹೋಗಿರಲಿಲ್ಲ ಎಂಬ ಸಾಲನ್ನು ತೀರ್ಪಿನಲ್ಲಿ ಬೇರೆಯಾಗಿಯೇ ಸೇರಿಸಿದ್ದರು. ಕಾವೇರಿ ಹೊರಗೆ ಬಂದು ಆ ಸಾಲನ್ನು ಬನಶಂಕರೆವ್ವನಿಗೆ ಎರಡು ಸಲ ಹೇಳಿದಳು.

ಆಗ ಮುದುಕಿ ಅತ್ತಳು.

"ಮೇಡಮ್ಮಾರ, ಒಂದ್ ಖರೆ ಹೇಳ್ತೀನಿ. ಆವತ್ತ ಠಾಣೆಯಾಗ ನಿಮ್ಮ ಮುಂದ ಹಂಗ ಅಂದು ಹೋದ್ನಿ. ಮನಿಗೆ ಹೋಗಿ ದೇವರ ಮುಂದ ಏನ್ ಬೇಡಕೊಂಡೆ ಗೊತ್ತೇನ್ರಿ? ಆ ಮಾತು ಖರೆ ಆಗ್ಲಿ, ನನ್ನ ಮಗಳು ಓಡೇ ಹೋಗಿರ್ಲಿ, ಎಲ್ಲ್ಯರ ಉಣಕೋತ ಇರ್ಲಿ ಅಂತ."

ಕಾವೇರಿ ಟೊಪ್ಪಿಗೆ ತೆಗೆದು, ಅವಳ ಪಕ್ಕ ಕಟ್ಟೆಯ ಮೇಲೆ ಕೂತಳು.