ಬಿ ಗುಂಪಿನ ಎಂಟು ಪಾಠ

1999ನೇ ಇಸವಿ ಜುಲೈ 12, ಸೋಮವಾರ. ಎರಡು ನಿಮಿಷಗಳಲ್ಲಿ ಸುಗುಣ ಆಡಿದ್ದು ಹನ್ನೊಂದು ಪದ.

ಹನ್ನೆರಡನೆಯದು ಗಂಟಲಲ್ಲೇ ನಿಂತಿತು. ಕುಂದಾಪುರದ ಶಿಕ್ಷಕರ ತರಬೇತಿ ಸಂಸ್ಥೆಯ ಆ ಕೊಠಡಿಯಲ್ಲಿ ಇಪ್ಪತ್ಮೂರು ಸಹಪಾಠಿಗಳು ಅವಳನ್ನೇ ನೋಡುತ್ತಿದ್ದರು. ಮೇಜಿನ ಹಿಂದೆ ಸ್ಟಾಪ್‌ವಾಚ್ ಹಿಡಿದು ಕುಳಿತಿದ್ದ ಯುವಕನೂ ನೋಡುತ್ತಿದ್ದ.

ಅವನು ಜಿತೇಂದ್ರ, ಹಾಲಾಡಿಯವನು, ಎಂ.ಎಡ್. ವಿದ್ಯಾರ್ಥಿ. ಸಭೆಯಲ್ಲಿ ಮಾತನಾಡುವುದನ್ನು ಕಲಿಸಲು ಸಾಧ್ಯವೇ, ಸಾಧ್ಯವಾದರೆ ಎಷ್ಟರ ಮಟ್ಟಿಗೆ? ಅದು ಅವನ ಸಂಶೋಧನೆಯ ಪ್ರಶ್ನೆ.

"ಸಾಕು, ಕೂತ್ಕಣಿ," ಎಂದ ಮೆಲ್ಲಗೆ.

ಅವಮಾನ ಕೋಪವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತರಗತಿ ಮುಗಿದೊಡನೆ ಜಗಲಿಯಲ್ಲಿ ಅವನನ್ನು ತಡೆದಳು.

"ಹ್ವಾಯ್, ನೀವ್ ಮಾತ್ ಕಲ್ಸುಕ್ ಬಂದದ್ದಾ, ಓಟ ಕಲ್ಸುಕಾ? ಕೈಯಗೆ ಓಟದ್ ಗಡಿಯಾರ ಎಂತಕ್ ಹಿಡ್ಕಂಡದ್ದ್?"

ಜಿತೇಂದ್ರ ನಕ್ಕ. "ಹನ್ನೆರಡ್ ಪದ. ಒಳಗಿಂತ ಒಂದ್ ಜಾಸ್ತಿ. ನಡೂಗೆ ಎಲ್ಲೂ ನಿಲ್ಲಲಿಲ್ಲ."

"ಒಬ್ರ್ ಎದ್ರ್ ನಂಗೆ ಹೆದ್ರಿಕಿ ಇಲ್ಲ. ಹತ್ತ್ ಜನ ಕಂಡ್ರೆ ನಾಲ್ಗಿ ಕಟ್ಟತ್ತ್," ಎಂದವಳು ತಲೆ ತಗ್ಗಿಸಿದಳು. "ನಾಳೆ ನಾನ್ ಟೀಚರ್ ಆಪ್ದ್ ಹ್ಯಾಂಗೆ?"

ಆ ತಗ್ಗಿದ ತಲೆಯನ್ನು ಅವನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿದ.

ಮರುದಿನ ಅವನು ತರಗತಿಗೆ ತನ್ನ ಕ್ರಮವನ್ನು ವಿವರಿಸಿದ. ಇಪ್ಪತ್ನಾಲ್ಕು ಜನರಲ್ಲಿ ಎರಡು ಗುಂಪು. ಎ ಗುಂಪಿನ ಹನ್ನೆರಡು ಜನರಿಗೆ ಎಂಟು ಶನಿವಾರ ಎಂಟು ಪಾಠ. ಬಿ ಗುಂಪಿಗೆ ಪಾಠವಿಲ್ಲ. ಕೊನೆಯಲ್ಲಿ ಎಲ್ಲರೂ ಮತ್ತೆ ಮಾತನಾಡಬೇಕು. ಎರಡು ಗುಂಪುಗಳ ನಡುವಿನ ಅಂತರವೇ ಪಾಠದ ಬೆಲೆ.

"ಆಮೇಲೆ ಬಿ ಗುಂಪಿಗೂ ಅದೇ ಎಂಟು ಪಾಠ ಮಾಡುತ್ತೇನೆ. ಅದು ನನ್ನ ಮೇಲಿನ ಋಣ," ಎಂದ.

ಪ್ರತಿಯೊಬ್ಬರೂ ಮಡಚಿದ ಚೀಟಿಯೊಂದನ್ನು ಎತ್ತಿ, ಹೊರಗೆ ಹೆಸರು ಬರೆದು, ಬಿಡಿಸದೆ ಅವನ ಕೈಗೆ ಕೊಟ್ಟರು. ಸಂಜೆ ಹಲಗೆಯ ಮೇಲೆ ಪಟ್ಟಿ ಬಂತು.

ಸುಗುಣ: ಬಿ.

'ಹನ್ನೊಂದು ಪದದವಳಿಗೆ ಕಲಿಸಿ ಪ್ರಯೋಜನವಿಲ್ಲವೆಂದು ಚೀಟಿಗೂ ಗೊತ್ತಾಯಿತೇ...' ಎಂದುಕೊಂಡಳು.

ಶನಿವಾರಗಳು ಬಂದವು. ಎ ಗುಂಪು ಒಳಗೆ. ಸುಗುಣ ಜಗಲಿಯಲ್ಲಿ, ಕಿಟಕಿಯ ಪಕ್ಕದಲ್ಲಿ. ಎರಡನೆಯ ಶನಿವಾರ ಜಿತೇಂದ್ರನೇ ಬಂದು ಕಿಟಕಿ ಮುಚ್ಚಿದ.

"ನೀವ್ ಕೇಂಬುಕಾಗ. ಲೆಕ್ಕ ಕೆಡತ್ತ್."

"ನಾನ್ ನಿಮ್ಮ್ ಲೆಕ್ಕದಗೆ ಇದ್ನಾ?"

ಅವನು ಒಳಗಿನಿಂದ ಚಿಲಕ ಹಾಕಿದ. ಆದರೆ ಅಂದು ಪಾಠ ಮುಗಿದ ಮೇಲೆ ಬಸ್ ನಿಲ್ದಾಣದವರೆಗೆ ಅವಳ ಜೊತೆ ನಡೆದ. ಮುಂದಿನ ಶನಿವಾರವೂ, ಅದರ ಮುಂದಿನ ಶನಿವಾರವೂ. ಅವಳು ಕೋಡಿಯ ಮನೆಯ ವಿಷಯ ಹೇಳಿದಳು; ಮಳೆಗಾಲದಲ್ಲೂ ನಾಡದೋಣಿಯಲ್ಲಿ ಹೋಗುವ ಅಪ್ಪಯ್ಯ ಸೂರನ ವಿಷಯ ಹೇಳಿದಳು. ಕೊಡೆ ಒಂದೇ ಇತ್ತು.

ಆರನೆಯ ಶನಿವಾರ, ಆಗಸ್ಟ್ 21. ಸೂರನ ದೋಣಿ ಮರಳಲಿಲ್ಲ.

ಅವನ ಜೊತೆಗಾರ ಮುತ್ತ ಈಜಿ ದಡ ಸೇರಿ, ಯಾರದೋ ಸೈಕಲ್ಲಿನ ಮೇಲೆ ಸಂಜೆ ನಾಲ್ಕೂವರೆಗೆ ಸೂರನ ಮನೆಗೆ ಬಂದು ಬಿದ್ದ. ದೋಣಿಗಾಗಿ ಕಾಯುತ್ತ ಮನೆಯಲ್ಲಿದ್ದವಳು ಸುಗುಣ ಒಬ್ಬಳೇ.

"ತೆಂಕ ಬದಿ, ಬೀಜಾಡಿ ನೇರಕ್ಕೆ ದೋಣಿ ಕವುಚಿತ್ತ್... ನಿನ್ನಪ್ಪ ಅದನ್ನೇ ಹಿಡ್ಕಂಡಿದ್ದ... ಹೋಗ್, ಹೇಳ್!" ಎಂದವನಿಗೆ ಪ್ರಜ್ಞೆ ತಪ್ಪಿತು.

ಅವಳು ಓಡಿದಳು.

ದಡದಲ್ಲಿ ಅರವತ್ತಕ್ಕೂ ಹೆಚ್ಚು ಗಂಡಸರು ಸೇರಿದ್ದರು. ಗಾಳಿ ಉತ್ತರಕ್ಕೆ ಬೀಸುತ್ತಿದೆ, ದೋಣಿಯೂ ಬಡಗಣಕ್ಕೇ ಹೋಗಿರಬೇಕೆಂದು ಎಲ್ಲರೂ ಕೂಗುತ್ತಿದ್ದರು. ಮೀನುಗಾರರ ಮುಖ್ಯಸ್ಥ, ಗುರಿಕಾರ ಕುಷ್ಟ ಕೈಯೆತ್ತಿದ. ಅರವತ್ತು ಬಾಯಿಗಳೂ ಒಮ್ಮೆಲೇ ಮುಚ್ಚಿದವು.

"ಎಂತ ಹೆಣ್ಣೆ? ಬೇಗ ಹೇಳ್. ಹೊತ್ತ್ ಹೋತ್ತ್!"

ಅರವತ್ತು ಮುಖಗಳು. ಅವಳ ತುಟಿ ಅಲುಗಿತು. ದನಿ ಬರಲಿಲ್ಲ.

ಸುದ್ದಿ ಕೇಳಿ ಸಂಸ್ಥೆಯಿಂದ ಬಂದಿದ್ದ ಜಿತೇಂದ್ರ ಗುಂಪಿನ ಹಿಂದೆ ನಿಂತಿದ್ದ. ಅವಳು ಅವನನ್ನು ಕಂಡಳು. ಆ ಒಂದು ಮುಖವನ್ನು ಹಿಡಿದು ಮಾತನಾಡಬಲ್ಲೆನೆಂದು ಉಸಿರೆಳೆದಳು...

ಅವನು ಕೈಗಡಿಯಾರ ನೋಡಿದ.

'ನನ್ನ ಮೌನವನ್ನು ಎಣಿಸುತ್ತಿದ್ದಾನೆ!'

ಆ ಉಸಿರು ಹಾಗೆಯೇ ಹೋಯಿತು. "ಪಾಪ, ದುಃಖ. ಕರ್ಕಂಡ್ ಹೋಯ್ನಿ," ಎಂದ ಕುಷ್ಟ. ಹೆಂಗಸರು ಅವಳನ್ನು ತೋಳು ಹಿಡಿದು ಮನೆಗೆ ನಡೆಸಿದರು. ಅಂಗಳದಲ್ಲಿ, ಆಗಷ್ಟೇ ಮನೆಗೆ ಮರಳಿದ್ದ ತಾಯಿ ಬೆಳ್ಳಿಯ ಕಿವಿಯಲ್ಲಿ, ಮಾತು ಬಂತು. ಬೆಳ್ಳಿ ಕಿರುಚುತ್ತ ದಡಕ್ಕೆ ಓಡುವ ಹೊತ್ತಿಗೆ ಹುಡುಕಲು ಹೊರಟ ನಾಲ್ಕೂ ದೋಣಿಗಳು ಅಳಿವೆ ದಾಟಿ ಬಡಗಣಕ್ಕೆ ತಿರುಗಿದ್ದವು.

ಮರುದಿನ ಬೆಳಿಗ್ಗೆ ಸೂರ ಬೀಜಾಡಿಯ ಮರಳಿನ ಮೇಲೆ ಸಿಕ್ಕಿದ.

ಕೊನೆಯ ಪರೀಕ್ಷೆಗೆ ಸುಗುಣ ಹೋಗಲಿಲ್ಲ. ಮಾತಿನಂತೆ ಜಿತೇಂದ್ರ ಬಿ ಗುಂಪಿನ ಹನ್ನೊಂದು ಜನರಿಗೆ ಎಂಟು ಪಾಠಗಳನ್ನೂ ಮಾಡಿದ. ಅವಳ ಮನೆಗೆ ಮೂರು ಸಲ ಹೋದ. ಮೂರು ಸಲವೂ ಬೆಳ್ಳಿ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: "ಅವ್ಳಿಗೆ ನಿಮ್ಮನ್ ಕಾಂಬುಕ್ ಮನ್ಸಿಲ್ಲ."

ದೋಣಿ ಮರಳದ ದಿನದಿಂದ ಎಂಟು ವರ್ಷ, ಮೂರು ತಿಂಗಳು, ಮೂರು ದಿನ ಕಳೆದವು.

2007ರ ನವೆಂಬರ್ 24, ಶನಿವಾರ. ಬೈಂದೂರಿನ ಸರಕಾರಿ ಶಾಲೆಯೊಂದರಲ್ಲಿ ಅರ್ಧ ದಿನದ ಗಂಟೆ ಬಾರಿಸಿತ್ತು. ಮಕ್ಕಳು ಹೋಗಿ, ಮೂರನೆಯ ತರಗತಿಯ ಕೊಠಡಿಯಲ್ಲಿ ಸುಗುಣ ಟೀಚರ್ ಒಬ್ಬಳೇ ಇದ್ದಳು. ಮಕ್ಕಳ ಮುಂದೆ ಅವಳ ಮಾತಿಗೆ ತಡೆಯಿರಲಿಲ್ಲ. ಪಾಲಕರ ಸಭೆಯ ದಿನ ಮಾತ್ರ ಪ್ರತಿ ವರ್ಷವೂ ರಜೆ ಹಾಕುತ್ತಿದ್ದಳು. ಮದುವೆಯಾಗಿರಲಿಲ್ಲ.

ಬಾಗಿಲಲ್ಲಿ ಜಿತೇಂದ್ರ ನಿಂತಿದ್ದ. ಈಗ ಬ್ರಹ್ಮಾವರದಲ್ಲಿ ಉಪನ್ಯಾಸಕ. ತಲೆಯ ಎರಡೂ ಬದಿ ನರೆತಿತ್ತು. ಅವನೂ ಒಂಟಿ.

"ಎಂತಕ್ ಬಂದ್ರಿ? ಇನ್ನೂ ಎಣ್ಸುಕಿತ್ತಾ?"

"ಎಂತ ಎಣ್ಸುದ್?"

"ಆ ದಿನ ನಾನ್ ಬಾಯ್ ಬಿಡುಕ್ ಆಯ್ದೆ ನಿಂತದ್ದ್ ಎಷ್ಟ್ ಸೆಕೆಂಡ್? ಗಡಿಯಾರ ಕಂಡದ್ರಲ್ದಾ! ನಿಮ್ಮ್ ಪುಸ್ತಕದಗೆ ಬರ್ಕಂಡ್ರ್ಯಾ?"

ಎಂಟು ವರ್ಷ ಅವಳು ಹೊತ್ತದ್ದು ಇದನ್ನೆಂದು ಅವನಿಗೆ ಈಗ ತಿಳಿಯಿತು.

"ಕಂಡದ್ದ್ ಹೌದ್. ನಾಲ್ಕ್ ಗಂಟೆ ನಲ್ವತ್ತ್ ನಿಮಿಷ. ಕತ್ಲಿ ಆಪುಕ್ ಎರಡ್ ಗಂಟೆ ಇತ್ತ್. ಅಷ್ಟ್ರೊಳಗೆ ದೋಣಿ ಹೋಯಿ ಹುಡ್ಕಿ ಬಪ್ಪುಕ್ ಆತ್ತಾ ಅಂದ್ಹೇಳಿ ಲೆಕ್ಕ ಹಾಕ್ದೆ... ಅಷ್ಟೇ, ಸುಗುಣ."

ಅವಳ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು.

ಅವನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಇನ್ನೊಂದಿತ್ತ್, ಅದನ್ನ್ ಹೇಳುಕೇ ಬಂದದ್ದ್. ನಿಮ್ಮ್ ಚೀಟಿಯಗೆ ಇದ್ದದ್ದ್ ಎ. ನಾನೇ ಬಿ ಮಾಡ್ದೆ."

"ಎಂತಕೆ...?"

"ಆ ಎರಡ್ ನಿಮಿಷದಗೇ ನನ್ ಮನ್ಸ್ ಒಂದ್ ಬದಿ ವಾಲಿ ಆಯಿತ್ತ್. ನೀವ್ ಎದ್ರ್ ಕೂತ್ರೆ ಪಾಠ ಹನ್ನೆರಡ್ ಜನ್ರಿಗೆ ಆತಿರ್ಲಿಲ್ಲ, ನಿಮ್ಗೊಬ್ರಿಗೇ ಆತಿತ್ತ್. ಲೆಕ್ಕ ಸಮ ಇರ್ಲಿ ಅಂದ್ಹೇಳಿ ಪ್ರೀತಿಯನ್ನ್ ಹೊರ್ಗ್ ಹಾಕಿ ಕಿಟಕಿ ಮುಚ್ಚಿದೆ."

ಸುಗುಣ ಮೇಜನ್ನು ಹಿಡಿದುಕೊಂಡಳು. ಪ್ರೀತಿ... ಎಷ್ಟು ವರ್ಷ ಕಾದ ಮಾತು, ಎಂಥ ದಿನ ಬಂತು!

ಮುರಿದ ಸೀಮೆಸುಣ್ಣವನ್ನು ಅದರ ಮೇಲಿಟ್ಟು ಕೇಳಿದಳು. "ಎ ಗುಂಪಿನ ಹನ್ನೆರಡ್ ಜನ್ರಗೆ ಎಷ್ಟ್ ಜನ ಮಾತಾಡುಕ್ ಕಲ್ತ್ರ್?"

ಸುಳ್ಳು ಹೇಳುವುದು ಸುಲಭವಿತ್ತು.

"ಒಂಬತ್ತ್."

ಅವಳು ಕಣ್ಣು ಮುಚ್ಚಿದಳು. "ಹಾಂಗಾರೆ ಮೂರ್ ಜನ ಕಲೀಲಿಲ್ಲ."

"ಹೌದ್."

"ಆ ಮೂರ್ ಜನ್ರಗೆ ನಾನೂ ಒಬ್ಳ್ ಆಯ್ಲಕ್ಕಿತ್ತ್."

"ಆಯ್ಲಕ್ಕಿತ್ತ್. ಆದ್ರೆ ಒಂಬತ್ತ್ ಜನ್ರಗೂ ಆಯ್ಲಕ್ಕಿತ್ತ್."

"ಸುಳ್ಳ್ ಹೇಳುಕ್ ನಿಮ್ಗೆ ಯಾರೂ ಪಾಠ ಮಾಡ್ಲಿಲ್ಲ್ಯಾ ಮಾರಾಯ್ರೆ!" ಎನ್ನುತ್ತ ಅವಳು ಅತ್ತಳು.

ಒಂಬತ್ತು ಮತ್ತು ಮೂರು. ಆ ಸಂದೇಹ ಇಬ್ಬರೂ ಬದುಕಿರುವವರೆಗೆ ಬಗೆಹರಿಯದು. ತಪ್ಪಿನ ಭಾರ ಅವನ ಕಡೆಗೇ ಮೂರು ಪಟ್ಟು. ಅದನ್ನು ಅವಳೂ ಬಲ್ಲಳು. ಬಲ್ಲವಳೇ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೊದ್ಲ್‌ನೇ ಪಾಠ ಎಂತ?"

"ಎದ್ದ್ ನಿಂತ್, ಕಡೀ ಬೆಂಚಿಗೆ ಕೇಂಬ್ಹಾಂಗೆ ಹೆಸ್ರ್, ಅಪ್ಪಯ್ಯನ್ ಹೆಸ್ರ್, ಊರ್ ಹೇಳುದ್."

"ಹಾಂಗಾರೆ ಹೋಯಿ ಕೂಕಣಿ."

ಅವನು ಕೊನೆಯ ಬೆಂಚಿಗೆ ಹೋಗಿ, ಮೊಣಕಾಲು ಮಡಚಿ ಮಕ್ಕಳ ಜಾಗದಲ್ಲಿ ಕುಳಿತ. ಗಡಿಯಾರ ಬಿಚ್ಚಿ ಜೇಬಿನಲ್ಲಿಟ್ಟ.

"ನಾನ್ ಸುಗುಣ. ಸೂರನ ಮಗ್ಳ್. ಕೋಡಿ."

ಅಲ್ಲಿಗೆ ಪಾಠ ಮುಗಿಯಬೇಕಿತ್ತು. ಅವಳು ಖಾಲಿ ಬೆಂಚುಗಳನ್ನು ಒಂದೊಂದಾಗಿ ನೋಡಿದಳು, ಉಸಿರೆಳೆದಳು, ಗೋಡೆ ಮಾರ್ದನಿಸುವಂತೆ ಕೂಗಿದಳು.

"ದೋಣಿ ಬಡಗಣಕ್ಕಿಲ್ಲ! ಬೀಜಾಡಿ ನೇರಕ್ಕಿತ್ತ್! ಅಪ್ಪಯ್ಯ ಇನ್ನೂ ಹಿಡ್ಕಂಡೇ ಇದ್ರ್!"

ಜಿತೇಂದ್ರ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

"ಕೇಂತಾ?" ಅವಳ ದನಿ ಈಗ ಬಹಳ ಸಣ್ಣದಾಗಿತ್ತು.

"ಕೇಂತ್..."

ಅವಳು ಬಂದು ಅದೇ ಬೆಂಚಿನ ಮತ್ತೊಂದು ತುದಿಯಲ್ಲಿ ಕುಳಿತಳು.

"ಇನ್ನ್ ಏಳ್ ಪಾಠ ಬಾಕಿ ಇತ್ತ್," ಎಂದ ಅವನು.

"ಶನಿವಾರ ಶನಿವಾರ ಬನ್ನಿ. ಆರ್ ಮಾಡಿ. ಕಡೀದ್ ಒಂದ್ ಋಣ ಆಯಿ ಬಾಕಿ ಇರ್ಲಿ."

"ಎಷ್ಟ್ ದಿನ?"

"ನಾನ್ ಇಪ್ಪಲ್ಲಿವರಿಗೆ."